ಅಣ್ಣ ಅಂಗಿ ಎತ್ತಿ ತೋರಿಸಿದ್ದು

ನಮ್ಮ ಅಣ್ಣ ನನಗಿಂತ ಬಹಳ ದೊಡ್ಡವನು. ಅಪ್ಪ ಬೇಗ ಹೋದದ್ದರಿಂದ ನನ್ನನ್ನೂ ನನ್ನ ತಂಗಿಯನ್ನೂ ಬೆಳೆಸಿ ಮದುವೆ ಮಾಡಿಕೊಟ್ಟವನು ಅವನೇ. ಸಗರದಲ್ಲಿ ಹೊಲ, ಮನೆ, ಎರಡು ಎತ್ತು. ಊರಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಅವನನ್ನು ಕರೆಯುತ್ತಿದ್ದರು. ಅಂಥ ಅಣ್ಣ ಹೆಂಗಸರ ಎದುರಿಗೆ ಹೊಟ್ಟೆನೋವು ಎಂದು ಕೂಡ ಹೇಳಿದವನಲ್ಲ. ಬಯಲಿಗೆ ಹೋಗುತ್ತಿದ್ದ ಕಾಲದಲ್ಲಿ ತಂಬಿಗೆಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು, ಹೊಲ ನೋಡಲು ಹೊರಟವನ ಹಾಗೆ ಹೋಗುತ್ತಿದ್ದ. ಮನೆಯಲ್ಲೇ ಸಂಡಾಸು ಕಟ್ಟಿಸಿದ ಮೇಲೂ ಹೆಂಗಸರೆಲ್ಲ ಅಡುಗೆಮನೆಗೆ ಹೋಗುವವರೆಗೆ ಪಡಸಾಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಅವನು ಆ ಬಾಗಿಲು ತೆರೆದದ್ದನ್ನು ನಾನು ತವರಿಗೆ ಹೋದಾಗ ಒಮ್ಮೆಯೂ ಕಂಡಿಲ್ಲ.

ನಾವು ಶಹಾಪುರದ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುತ್ತೇವೆ. ನಮ್ಮ ಮನೆಯವರು ಮುಂದೆ ಕೂರುತ್ತಾರೆ, ನಾನು ಒಳಗೆ ಇಬ್ಬರು ಹೆಂಗಸರ ಜೊತೆ ರೊಟ್ಟಿ ಬಡಿಯುತ್ತೇನೆ. ಒಂದು ದಿನ ಮಧ್ಯಾಹ್ನದ ಊಟ ಮುಗಿದು, ಗಿರಾಕಿಗಳೂ ಕೆಲಸದ ಹೆಂಗಸರೂ ಹೋದ ಮೇಲೆ ಅಣ್ಣ ಮತ್ತು ಅತ್ತಿಗೆ ಬಂದರು. ಅದಕ್ಕೆ ಎರಡು ತಿಂಗಳ ಹಿಂದೆ ಅವನಿಗೆ ಕಲಬುರಗಿಯಲ್ಲಿ ಆಪರೇಶನ್ ಆಗಿತ್ತು. ಅಪೆಂಡಿಕ್ಸ್ ಅಂತ ನಮಗೆ ಹೇಳಿ ಕಳಿಸಿದ್ದರು, ಯಾರೂ ನೋಡಲು ಬರುವುದು ಬೇಡ ಎಂದೂ ಹೇಳಿದ್ದರು. ಈಗ ಬಾಗಿಲಲ್ಲಿ ನಿಂತವನನ್ನು ನೋಡಿ ನನ್ನ ಕೈಯಲ್ಲಿದ್ದ ಪಾತ್ರೆ ಹಾಗೆಯೇ ನಿಂತಿತು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಅಂಗಿ ಬೇರೆ ಯಾರದೋ ಇದ್ದ ಹಾಗಿತ್ತು.

ನಮ್ಮ ಮನೆಯವರು ಅವನ ಮುಖ ನೋಡಿದ ಕೂಡಲೇ, ಸೊಪ್ಪು ತರುತ್ತೇನೆ ಎಂದು ಹೊರಗೆ ಹೋದರು.

"ತಂಗೀ, ಆ ಬಾಗಲ ಜರಾ ಹಾಕು," ಅಂದ ಅಣ್ಣ.

ಹಾಕಿದೆ. ಅವನು ಬೆಂಚಿನ ಮೇಲೆ ಕೂರಲಿಲ್ಲ. ಗೋಡೆಗೆ ಒಟ್ಟಿದ್ದ ಜೋಳದ ಚೀಲಗಳ ಕಡೆಗೆ ಮುಖ ತಿರುಗಿಸಿಕೊಂಡು, ಅಂಗಿ ಎತ್ತಿದ. ಹೊಟ್ಟೆಯ ಎಡಗಡೆಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಸಿದ್ದರು. ಅದರಲ್ಲಿ ಏನೋ ಇತ್ತು. ನನಗೆ ತಿಳಿಯಲಿಲ್ಲ. ಔಷಧ ಇರಬೇಕು ಅಂದುಕೊಂಡೆ.

"ಏನಣ್ಣಾ ಇದು?"

ಅತ್ತಿಗೆ ಹೇಳಿದಳು. "ಈಗ ಸಂಡಾಸ ಅದರಾಗ ಆಗ್ತದವ್ವಾ. ಕೆಳಗಿನ ದಾರಿ ಮುಚ್ಯಾರ."

ಆಗ ನನಗೆ ವಾಸನೆಯೂ ಬಂತು. ಬಂದದ್ದು ನನ್ನ ಮುಖದಲ್ಲಿ ಕಂಡಿತೋ ಏನೋ, ಅಣ್ಣ ಕೂಡಲೇ ಅಂಗಿ ಇಳಿಸಿದ. ನಾನು ನೆಲ ನೋಡಿದೆ, ಅವನು ಜೋಳದ ಚೀಲ ನೋಡಿದ. ನನ್ನ ಅಪ್ಪನ ಜಾಗದಲ್ಲಿದ್ದ ಮನುಷ್ಯ ನನ್ನೆದುರು ಬೆತ್ತಲೆ ನಿಂತಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ ಅನಿಸಿತು.

"ಕರುಳಾಗ ಕ್ಯಾನ್ಸರ್ ಆಗಿತ್ತು," ಅಂದ ಅಣ್ಣ. "ಕೊಯ್ದು ತಗದಾರ. ಇನ್ನೂ ಕಿಮೋದ ಸಲಾಯಿನ್ ಹಚ್ತಾರಂತ. ಅದಿರ್ಲಿ. ಡಾಕ್ಟರ್ ಏನ್ ಹೇಳ್ಯಾರ ಅಂದ್ರ, ಒಡಹುಟ್ಟಿದವ್ರೆಲ್ಲಾ ಕರುಳಾಗ ದುರ್ಬೀನ್ ಹಾಕಿ ನೋಡಿಸ್ಕೋಬೇಕಂತ. ಇದು ಮನಿತನದಾಗ ಬರ್ತದಂತ. ಅದನ್ನ ಹೇಳಾಕ ಬಂದೀನಿ. ಇಲ್ಲಂದ್ರ ನಿನಗ ನಾ ಇದನ್ನ ಯಾವತ್ತೂ ತೋರಸ್ತಿದ್ದಿಲ್ಲ."

"ನಂಗೇನೂ ಆಗಿಲ್ಲಣ್ಣಾ. ಊಟ, ನಿದ್ದಿ ಎಲ್ಲಾ ಬರೋಬ್ಬರಿ ಅದ."

"ಏನೂ ಆಗದಿದ್ದಾಗನ ನೋಡಿಸ್ಬೇಕಂತ. ನಂಗ ರಕ್ತ ಬೀಳಾಕತ್ತಿ ಭಾಳ ದಿನ ಆಗಿತ್ತು. ಮೂಲವ್ಯಾಧಿ ಅಂದ್ಕೊಂಡು ಸುರಪುರದಾಗ ಪುಡಿ ತಂದು ನುಂಗಿದೆ. ಮಜ್ಜಿಗಿ ಕುಡದೆ, ಖಾರ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಹೆಂಗ ಹೇಳೂದು?" ಅಂಗಿಯ ತುದಿ ಕೆಳಗೆಳೆದುಕೊಂಡು ಅಂದ, "ಸುರಪುರದಾಕಿಗೆ ನೀನ ಹೇಳು. ಇನ್ನೊಮ್ಮಿ ಅಂಗಿ ಎತ್ತೂದು ನನ್ನ ಕೈಲೆ ಆಗಂಗಿಲ್ಲ."

ಸುರಪುರದಾಕಿ ಅಂದರೆ ನನ್ನ ತಂಗಿ. ಅಲ್ಲಿಗೆ ಕೊಟ್ಟಿದ್ದೇವೆ.

ಚಹಾ ಮಾಡಲು ಒಳಗೆ ಹೋದಾಗ ಅತ್ತಿಗೆಯೂ ಹಿಂದೆ ಬಂದಳು. ಒಲೆಯ ಹತ್ತಿರ ಕೂತು ಪಿಸುಮಾತಿನಲ್ಲಿ ಹೇಳಿದಳು. "ನಂಗ ಗೊತ್ತಿತ್ತವ್ವಾ. ಧೋತ್ರ ಒಗ್ಯಾಕಿ ನಾನ ಅಲ್ಲೇನು? ಮೊದಲು ರಕ್ತದ ಕಲಿ ಕಂಡಿತು. ಆಮ್ಯಾಲ ಅವ್ರು ತಾವ ಧೋತ್ರ ನೀರಾಗ ನೆನಿ ಇಡಾಕತ್ತಿದ್ರು. ಎಂದೂ ಬಟ್ಟಿ ಮುಟ್ಟಿದ ಮನುಷ್ಯಾ ಅಲ್ಲ. ಬಾಯಿತನಕ ಬರ್ತಿತ್ತು, ಕೇಳಾಕ ನಾಚಿಕಿ. ಅವ್ರಿಗೂ ಗೊತ್ತಿತ್ತು ನಾ ನೋಡೀನಿ ಅಂತ. ಇಬ್ರೂ ಸುಮ್ಮನಿದ್ವಿ, ಒಂದು ಮುಂಗಾರು ಹೋತು, ಹಿಂಗಾರೂ ಹೋತು."

ಅವಳು ಅಳಲಿಲ್ಲ. ಚಹಾದ ಪುಡಿ ಡಬ್ಬಿಯ ಮುಚ್ಚಳ ತೆಗೆದು ಕೊಟ್ಟಳು.

ಆ ದಿನದಿಂದ ನನಗೆ ನನ್ನ ಹೊಟ್ಟೆಯೊಂದೇ ಯೋಚನೆಯಾಯಿತು. ಆದರೆ ಮನೆಯವರಿಗೆ ಹೇಳಲು ಬಾಯಿ ಬರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ, ಹಿಂದಿನಿಂದ ಕ್ಯಾಮೆರಾ ಹಾಕಿ ಕರುಳು ನೋಡುತ್ತಾರಂತೆ ಎಂದು ಹೇಳುವುದು ಹೇಗೆ? ಕಡೆಗೆ ಒಂದು ಬೆಳಿಗ್ಗೆ ಹಂಚಿನ ಕಡೆ ಮುಖ ಮಾಡಿ, ಅವರಿಗೆ ಬೆನ್ನು ತೋರಿಸಿಕೊಂಡೇ ಹೇಳಿಬಿಟ್ಟೆ. ರೊಟ್ಟಿ ಒಂದು ಕಡೆ ಸುಟ್ಟಿತು.

"ನೋಡಿಸೂಣು," ಅಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಇಲ್ಲಿ ಯಾರಿಗೂ ಹೇಳಬ್ಯಾಡ. ಊಟದ ಧಂಧೆ ನಮ್ದು."

ಅವರು ಹೇಳಿದ್ದು ತಪ್ಪೆಂದು ನನಗೆ ಅನಿಸಲಿಲ್ಲ. ಬಿಪಿ, ಶುಗರ್, ಕಿಡ್ನಿಯ ಹರಳು, ಇವೆಲ್ಲ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಬಹುದಾದ ರೋಗಗಳು. ಇದು ಹಾಗಲ್ಲ. ಅನ್ನ ಬಡಿಸುವ ಹೆಂಗಸಿನ ಕರುಳಲ್ಲಿ ಏನೋ ಇದೆ ಎಂದು ಗೊತ್ತಾದರೆ ನಾಳೆಯಿಂದ ಯಾರು ಅವಳ ಕೈಯ ರೊಟ್ಟಿ ತಿನ್ನುತ್ತಾರೆ? ಹಾಗಾಗಿ ರೊಟ್ಟಿ ಬಡಿಯುವ ಹೆಂಗಸರಿಗೆ ನಾನು ಕಿಡ್ನಿಯಲ್ಲಿ ಹರಳು ಎಂದೆ. ಅವರು ಬಾಳೆದಿಂಡಿನ ರಸ ಕುಡಿಯಲು ಹೇಳಿದರು.

ಯಾದಗಿರಿಯ ಒಂದು ದವಾಖಾನೆಗೆ ವಾರಕ್ಕೊಮ್ಮೆ ಹೊಟ್ಟೆಯ ಡಾಕ್ಟರು ಬರುತ್ತಿದ್ದರು. ಹಿಂದಿನ ದಿನ ಬರೀ ಗಂಜಿ, ಎಳನೀರು. ಸಂಜೆ ಒಂದು ಪುಡಿಯನ್ನು ದೊಡ್ಡ ಬಾಟಲಿ ನೀರಿನಲ್ಲಿ ಕಲಸಿ ಕುಡಿಯಬೇಕು, ಬೆಳಿಗ್ಗೆ ಮತ್ತೊಮ್ಮೆ. ಹೊಟ್ಟೆ ಪೂರ್ತಿ ತೊಳೆದುಹೋಗಬೇಕು. ಅದನ್ನು ಕುಡಿದು ಶಹಾಪುರದಿಂದ ಬಸ್ಸಿನಲ್ಲಿ ಹೋಗುವುದು ಆಗುವ ಮಾತಲ್ಲ. ಅದಕ್ಕೆ ಹಿಂದಿನ ದಿನವೇ ಯಾದಗಿರಿಯಲ್ಲಿದ್ದ ನಾದಿನಿಯ ಮನೆಗೆ ಹೋದೆ. ಸ್ಕ್ಯಾನಿಂಗ್ ಇದೆ ಎಂದಷ್ಟೇ ಹೇಳಿದ್ದೆ. ಆ ಮನೆಯಲ್ಲಿ ನಾದಿನಿ, ಗಂಡ, ಮಕ್ಕಳು, ಜೊತೆಗೆ ಅವಳ ಅತ್ತೆ. ಇಷ್ಟು ಜನಕ್ಕೆ ಸಂಡಾಸು ಒಂದೇ, ಅದೂ ಪಡಸಾಲೆಗೆ ಹತ್ತಿಕೊಂಡು.

ಉಪ್ಪು, ನಿಂಬೆಹುಳಿ ಕಲಸಿದ ಹಾಗಿದ್ದ ಆ ನೀರನ್ನು ಅಡುಗೆಮನೆಯ ಮೂಲೆಯಲ್ಲಿ ನಿಂತು ಕುಡಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು ನೋಡಿ. ಕೂತು ಎದ್ದು ಬಂದು ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಓಡಬೇಕು. ಸದ್ದು ಹೊರಗೆ ಕೇಳಬಾರದೆಂದು ನಲ್ಲಿಯನ್ನು ಜೋರಾಗಿ ಬಿಟ್ಟೆ. ಟಾಕಿಯ ನೀರು ಖಾಲಿಯಾಯಿತು. ನಾದಿನಿಯ ಗಂಡ ಕೆಲಸದಿಂದ ಬಂದವನು ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲ ಮುಂದೆ ಕಾಯುತ್ತಿದ್ದ. ನಾನು ಹೊರಗೆ ಬಂದೆ, ಅವನು ಒಳಗೆ ಹೋಗುವ ಮೊದಲೇ ನಾನು ಮತ್ತೆ ಹೊಕ್ಕೆ.

ನಾದಿನಿಯ ಅತ್ತೆ ಕಟ್ಟೆಯ ಮೇಲೆ ಓಣಿಯ ಹೆಂಗಸರ ಜೊತೆ ಕೂತಿದ್ದವರು ಅಲ್ಲಿಂದಲೇ ಕೂಗಿದರು. "ಯಾಕವ್ವಾ, ಆಗಿಂದ ನೋಡಾಕತ್ತೀನಿ, ಒಳಗ ಹೊರಗ, ಒಳಗ ಹೊರಗ. ನಿಮ್ಮ ಖಾನಾವಳ್ಯಾಗ ಉಂಡು ಬಂದಿ ಏನು?"

ಹೆಂಗಸರು ನಕ್ಕರು. ಯಾದಗಿರಿಗೂ ಶಹಾಪುರಕ್ಕೂ ದಿನವಿಡೀ ಬಸ್ಸು. ಈ ಮಾತು ನನಗಿಂತ ಮುಂಚೆ ಊರು ಮುಟ್ಟುತ್ತದೆ. ಮುಚ್ಚಿಟ್ಟರೆ ಖಾನಾವಳಿಯ ಮರ್ಯಾದೆ ಹೋಗುತ್ತದೆ, ಹೇಳಿದರೆ ನನ್ನದು.

ಹತ್ತಿರ ಹೋಗಿ ಬಗ್ಗಿ ಕಿವಿಯಲ್ಲಿ ಹೇಳಿದೆ. "ಇಲ್ರಿ ಅತ್ತ್ಯಾರ. ಔಷಧ ಕುಡದೀನ್ರಿ. ನಾಳಿ ದವಾಖಾನ್ಯಾಗ ಹಿಂದಿನಿಂದ ಕ್ಯಾಮೆರಾ ಹಾಕಿ ಕರುಳು ನೋಡ್ತಾರ. ಹೊಟ್ಟಿ ಖಾಲಿ ಆಗಬೇಕು. ನಮ್ಮಣ್ಣಗ ಕ್ಯಾನ್ಸರ್ ಆಗ್ಯಾದ."

"ಹಿಂದಿನಿಂದ?" ಅಂದರು ಮುದುಕಿ. ಪಿಸುಮಾತಿಗೆ ಪಿಸುಮಾತಿನಲ್ಲಿ ಉತ್ತರಿಸುವ ಅಭ್ಯಾಸ ಅವರಿಗಿರಲಿಲ್ಲ.

"ಹೂಂರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎದ್ದು ಸೀದಾ ಒಳಗೆ ಹೋಗಿ, ಓಣಿಗೆಲ್ಲ ಕೇಳುವ ಹಾಗೆ ಹುಕುಂ ಮಾಡಿದರು. "ಇವತ್ತು ಯಾರೂ ಸಂಡಾಸಕ್ಕ ಹೋಗಬ್ಯಾಡ್ರಿ! ಬೇಕಂದ್ರ ಆಚೀ ಮನಿಗೆ ಹೋಗ್ರಿ. ಇಕಿ ಕರುಳು ತೊಳ್ಕೊಳಾಕತ್ಯಾಳ!" ಮಗನನ್ನು ಟವೆಲ್ ಸಮೇತ ಪಕ್ಕದ ಮನೆಗೆ ಅಟ್ಟಿದರು. ಮೊಮ್ಮಕ್ಕಳ ಕೈಯಲ್ಲಿ ಕೊಡ ಕೊಟ್ಟು ನೀರು ತರಿಸಿ, ಬಕೆಟ್ ತುಂಬಿಸಿ ಒಳಗಿಟ್ಟರು. ನಾನು ಭೂಮಿ ಬಾಯಿ ಬಿಡಬಾರದೇ ಎಂದು ನಿಂತಿದ್ದೆ. ಕಟ್ಟೆಯ ಮೇಲಿನ ಹೆಂಗಸರು ಈಗ ನಗುತ್ತಿರಲಿಲ್ಲ. ಬಾಗಿಲಲ್ಲಿ ಕುತ್ತಿಗೆ ಹಾಕಿ ನೋಡುತ್ತಿದ್ದರು.

ಕತ್ತಲಾಗುವ ಹೊತ್ತಿಗೆ ನನಗೆ ಕೂರಲೂ ಆಗುತ್ತಿರಲಿಲ್ಲ. ಉರಿ. ಗೋಡೆ ಹಿಡಿದು ನಿಂತವಳ ಹತ್ತಿರ ಮುದುಕಿ ಒಂದು ಬಟ್ಟಲು ತಂದರು. ಅದರಲ್ಲಿ ಬೆಚ್ಚಗಿನ ಕೊಬ್ಬರಿ ಎಣ್ಣೆ.

"ಹಚ್ಕೋ," ಅಂದರು. ಈ ಸಲ ದನಿ ಸಣ್ಣದಾಗಿತ್ತು. "ಬಾಣಂತ್ಯಾರಿಗೆ ಹೇಳ್ದಂಗ ಹೇಳಾಕತ್ತೀನಿ. ನಾಚ್ಕೋಬ್ಯಾಡ. ಎಲ್ಲಾರಿಗೂ ಇರೂದು ಅದ."

ಓಣಿಯ ಹೆಂಗಸರು ನಕ್ಕಾಗ ಆದದ್ದಕ್ಕಿಂತ ಆ ಬಟ್ಟಲು ಹಿಡಿದಾಗ ನನಗೆ ಹೆಚ್ಚು ನಾಚಿಕೆಯಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಮರುದಿನ ನಮ್ಮ ಮನೆಯವರು ಬಂದು ದವಾಖಾನೆಗೆ ಕರೆದುಕೊಂಡು ಹೋದರು. ನರ್ಸಮ್ಮ ಸೀರೆ ಬಿಚ್ಚಿಸಿ ಹಸಿರು ನಿಲುವಂಗಿ ಕೊಟ್ಟಳು. ಅದು ಬೆನ್ನ ಹಿಂದೆ ತೆರೆದೇ ಇರುತ್ತದೆ. ಒಂದು ಕೈಯಲ್ಲಿ ಹಿಂದೆ ಹಿಡಿದುಕೊಂಡು, ಮದುಮಗಳ ಹಾಗೆ ತಲೆ ತಗ್ಗಿಸಿ ಕೋಣೆಗೆ ಹೋದೆ. ಡಾಕ್ಟರು ಗಂಡಸು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರ ಪಕ್ಕ ಮಷೀನಿನ ಹತ್ತಿರ ಇನ್ನೊಬ್ಬ ಗಂಡಸು ಕಪ್ಪು ಕೊಳವೆ ಹಿಡಿದು ನಿಂತಿದ್ದ. ಅವನು ತಿರುಗಿದ.

"ಅಕ್ಕಾರ?" ಅಂದ. "ನೀವಾ?"

ಅವನು ಹಿಂದೆ ಶಹಾಪುರದ ಯಾವುದೋ ದವಾಖಾನೆಯಲ್ಲಿ ಕೆಲಸಕ್ಕಿದ್ದಾಗ ದಿನವೂ ನಮ್ಮಲ್ಲಿ ಊಟ ಮಾಡುತ್ತಿದ್ದ. ಪುಂಡಿಪಲ್ಯ ಎಂದರೆ ಪ್ರಾಣ. "ಅಕ್ಕಾರ, ಇನ್ನ ಜರಾ ಹಾಕ್ರಿ" ಎಂದು ತಾಟು ಮುಂದೆ ಮಾಡುತ್ತಿದ್ದ. ಅವನಿಗೆ ಬಡಿಸಿದ ನಾನು ಹಿಂದೆ ತೆರೆದ ಅಂಗಿಯಲ್ಲಿ ಅವನ ಮುಂದೆ ನಿಂತಿದ್ದೆ. ಹಿಂದಕ್ಕೆ ಹೆಜ್ಜೆಯಿಟ್ಟು ಬಾಗಿಲಿನ ಹಿಡಿಕೆ ಹಿಡಿದೆ.

ಅವನಿಗೂ ಮುಖ ಕೆಂಪಾಯಿತು. "ನಾ ಹೊರಗ ಹೋಗ್ಲೇನ್ರಿ?" ಅಂದ.

"ನೀ ಹೋದ್ರ ನಡೀತದೇನಪ್ಪಾ?"

ಅವನು ಡಾಕ್ಟರ ಕಡೆ ನೋಡಿದ. ಡಾಕ್ಟರು ಇಲ್ಲ ಎಂದು ತಲೆಯಾಡಿಸಿದರು. "ಒಬ್ಬರ ಕೈಲಿ ಆಗೋ ಕೆಲಸ ಅಲ್ಲಮ್ಮ. ಬೇಡ ಅಂದರೆ ಮುಂದಿನ ವಾರ ಬನ್ನಿ. ಬೇರೆಯವರನ್ನ ಕರೆಸೋಣ. ಆದರೆ ಪುಡಿ ಮತ್ತೆ ಕುಡಿಯಬೇಕಾಗುತ್ತೆ."

ಮತ್ತೆ ಆ ನೀರು, ಮತ್ತೆ ಆ ಪಡಸಾಲೆ, ಮತ್ತೆ ಓಣಿಯ ಹೆಂಗಸರು. ಹಿಡಿಕೆಯ ಮೇಲಿಂದ ಕೈ ತೆಗೆದೆ.

"ಹಂಗಾರ ನೀನ ಇರಪಾ," ಅಂದೆ. "ಆದ್ರ ನನ್ನ ಮಾರಿ ನೋಡಬ್ಯಾಡ."

"ನೋಡಂಗಿಲ್ರಿ ಅಕ್ಕಾರ. ನಾ ಮಷೀನಿನ ಟಿವಿ ನೋಡ್ತೀನಿ," ಅಂದ. ಖರೆಯೇ ಹಾಗೆ ಮಾಡಿದ. ಎಡಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ಮಡಚಿಸಿ, ನರ್ಸಮ್ಮ ಮೇಲೊಂದು ಬಟ್ಟೆ ಹೊದಿಸಿದಳು. ಕೈಗೆ ಮಂಪರಿನ ಇಂಜೆಕ್ಷನ್ ಕೊಟ್ಟರು. ಅರ್ಧ ಎಚ್ಚರ, ಅರ್ಧ ನಿದ್ದೆ. ಹೊಟ್ಟೆ ಉಬ್ಬಿದ ಹಾಗೆ, ಯಾರೋ ಒಳಗಿನಿಂದ ನೂಕಿದ ಹಾಗೆ ಆಗುತ್ತಿತ್ತು. ನಡುವೆ ಡಾಕ್ಟರ ದನಿ ಕೇಳಿತು, "ಅಲ್ಲೇ ಹಿಡಿ, ಅಲ್ಲೇ. ಒಂದಿದೆ." ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಚಿತ್ರ ತೋರಿಸಿದರು. ಕೆಂಪಗೆ, ನುಣ್ಣಗೆ ಇದ್ದ ಗವಿಯ ಗೋಡೆಗೆ ಸಣ್ಣ ಅಣಬೆಯ ಹಾಗೆ ಒಂದು ಗಂಟು. ಅದನ್ನು ಅಲ್ಲೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದ್ದಾಗಿ ಹೇಳಿದರು. ಮುಂದಿನ ವಾರ ರಿಪೋರ್ಟ್ ತರಲು ಹೋದಾಗ ಅದರಲ್ಲಿ ಕ್ಯಾನ್ಸರ್ ಇರಲಿಲ್ಲ. ಆದರೆ ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಆಗಬಹುದಾಗಿದ್ದ ಜಾತಿಯದು ಎಂದರು.

"ನಂಗ ನೋವಿಲ್ರಿ, ರಕ್ತ ಬಿದ್ದಿಲ್ರಿ," ಅಂದೆ.

"ಈ ಗಂಟು ಹಾಗೇ ಇರತ್ತಮ್ಮ, ಸುಮ್ಮನೆ. ರಕ್ತ ಬೀಳೋವರೆಗೂ ಕಾಯಬಾರದು ಅಂತಲೇ ನೋಡೋದು. ಕೆಲವು ವರ್ಷ ಬಿಟ್ಟು ಮತ್ತೆ ಬರಬೇಕು. ನಿಮ್ಮ ಮಕ್ಕಳಿಗೂ ಹೇಳಿ, ನಲವತ್ತಾದ ಕೂಡಲೇ ಒಮ್ಮೆ ನೋಡಿಸಿಕೊಳ್ಳಲಿ."

ಊರಿಗೆ ಬಂದು ಎಂದಿನಂತೆ ರೊಟ್ಟಿ ಬಡಿದೆ. ನಾಚಿಕೆ ಮಾತ್ರ ಹೋಗಲಿಲ್ಲ. ಒಂದೆರಡು ತಿಂಗಳ ಮೇಲೆ ದವಾಖಾನೆಯ ಆ ಹುಡುಗ ಯಾವುದೋ ಕೆಲಸಕ್ಕೆ ಶಹಾಪುರಕ್ಕೆ ಬಂದವನು ಊಟಕ್ಕೆ ಬಂದ. ಅವನ ದನಿ ಕೇಳಿದ್ದೇ ನಾನು ಒಲೆಯ ಹತ್ತಿರದಿಂದ ಏಳಲಿಲ್ಲ. ಪುಂಡಿಪಲ್ಯವನ್ನು ಬೇರೆಯವಳ ಕೈಯಲ್ಲಿ ಕಳಿಸಿದೆ, ಬಟ್ಟಲು ತುಂಬಾ. ಅಕ್ಕಾರು ಎಲ್ಲಿ ಎಂದು ಅವನೂ ಕೇಳಲಿಲ್ಲ. ಉಂಡು ಕೈ ತೊಳೆದು ಹೋದ.

ಅಣ್ಣನಿಗೆ ಸಲಾಯಿನ್ ನಡೆದೇ ಇತ್ತು. ಕೆಲವು ದಿನ ಎದ್ದು ಹೊಲಕ್ಕೆ ಹೋಗುತ್ತಿದ್ದ, ಕೆಲವು ದಿನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ನಾಲ್ಕು ಜನರ ನಡುವೆ ಕೂರುವುದನ್ನು ಬಿಟ್ಟಿದ್ದ. ಹೊಟ್ಟೆಯ ಚೀಲ ಸದ್ದು ಮಾಡುತ್ತದೆ ಎಂದು ಭಯ. ನಾನು ಹೋದಾಗ ನನ್ನ ಗಂಟಿನ ವಿಷಯ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿ, "ಸುರಪುರಕ್ಕ ಹೋಗಿದ್ಯೇನು?" ಅಂದ. ಹೋಗಿರಲಿಲ್ಲ. ಆ ವಾರವೇ ಹೋದೆ.

ತಂಗಿಯ ಮನೆ ದೊಡ್ಡದು, ಅವಳ ಗಂಡನ ಅಣ್ಣತಮ್ಮಂದಿರು ಇನ್ನೂ ಒಟ್ಟಿಗಿದ್ದಾರೆ. ಅಡುಗೆಮನೆಗೆ ಹೋದರೆ ಅಲ್ಲಿ ನೆಗೆಣ್ಣಿಯರು, ಮಾಳಿಗೆಗೆ ಹೋದರೆ ಅಲ್ಲಿ ಹಪ್ಪಳ ಕಾಯುವ ಅವಳ ಅತ್ತೆ. ಬೆಳಿಗ್ಗೆ ಹೋದವಳು ಸಂಜೆಯವರೆಗೆ ಬಾಯಿ ಬಿಡಲಿಲ್ಲ. ನನ್ನನ್ನು ಬಸ್ಸಿಗೆ ಬಿಡಲು ಅವಳೊಬ್ಬಳೇ ಬಂದಾಗ, ನಿಲ್ದಾಣದಲ್ಲಿ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತೆವು. ಆ ಗಾಣದ ಸದ್ದಿನಲ್ಲಿ ಎಲ್ಲವನ್ನೂ ಹೇಳಿದೆ. ಅಣ್ಣನ ಚೀಲ, ನನ್ನ ಗಂಟು, ಪುಡಿ, ಎಣ್ಣೆ, ಎಲ್ಲ.

"ಯಕ್ಕಾ, ಮೆಲ್ಲಕ," ಅನ್ನುತ್ತಿದ್ದಳು ನಡುನಡುವೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಮ್ಮೆ ನಕ್ಕಳು. ಅಣ್ಣನ ಮಾತು ಬಂದಾಗ ಆ ಸೆರಗಿನಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ, "ನಂಗ ರಕ್ತ ಬಿದ್ದಿಲ್ಲ," ಅಂದಳು.

"ನಂಗೂ ಬಿದ್ದಿದ್ದಿಲ್ಲ."

"ಗಂಡಸರು ಇರ್ತಾರೇನು ಅಲ್ಲಿ?"

"ಇರ್ತಾರ."

"ನಿಂಗ ನಾಚಿಕಿ ಆಗ್ಲಿಲ್ಲೇನ?"

"ಆತು. ಇನ್ನೂ ಆಗ್ತದ."

ಬಸ್ಸು ಬಂತು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದು ಅವಳು ತಲೆಯಾಡಿಸಿದಳು. "ನಮ್ಮ ಮನ್ಯಾಗ ಇದನ್ನ ಹೇಳಾಕ ಆಗಂಗಿಲ್ಲ. ನಂಗ ಆಗಂಗಿಲ್ಲ ಯಕ್ಕಾ." ನಾನು ಉತ್ತರ ಕೊಡುವಷ್ಟರಲ್ಲಿ ಬಸ್ಸು ಹೊರಟಿತು. ಊರು ಮುಟ್ಟುವವರೆಗೂ, ನಾನು ಸರಿಯಾಗಿ ಹೇಳಲಿಲ್ಲವೇನೋ, ಸುಳ್ಳಾದರೂ ಗಂಡಸರಿರುವುದಿಲ್ಲ ಎನ್ನಬೇಕಿತ್ತೇನೋ ಎಂದುಕೊಂಡೆ.

ನಾಗರ ಪಂಚಮಿಗೆ ಅವಳು ಬಂದಳು. ತವರಿಗೆ ಹೋಗುವ ಹಬ್ಬ, ಯಾರೂ ಏನೂ ಕೇಳುವುದಿಲ್ಲ. ಆದರೆ ಸಗರಕ್ಕೆ ಹೋಗದೆ ಶಹಾಪುರದಲ್ಲಿ ಇಳಿದು ನೇರ ನಮ್ಮ ಮನೆಗೇ ಬಂದು, ಕೈಚೀಲ ಕೆಳಗಿಟ್ಟು, "ಆ ಪುಡಿ ಎಲ್ಲಿ ಸಿಗ್ತದ?" ಅಂದಳು.

ಹಬ್ಬ ಮುಗಿದ ವಾರ ಯಾದಗಿರಿಗೆ ಹೋದೆವು. ಈ ಸಲ ನಾದಿನಿಯ ಅತ್ತೆಗೆ ನಾನೇ ಮೊದಲು ಫೋನ್ ಮಾಡಿದ್ದೆ, ನೀರು ತುಂಬಿಸಿಟ್ಟಿದ್ದರು. ಮರುದಿನ ಪರೀಕ್ಷೆ ಮುಗಿಸಿ ಹೊರಬಂದ ತಂಗಿ ನನ್ನ ಮುಖ ನೋಡಲಿಲ್ಲ. ಸೆರಗನ್ನು ತಲೆ ತುಂಬಾ ಎಳೆದುಕೊಂಡು ಮುಂದೆ ಮುಂದೆ ನಡೆದಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ, "ಏನೂ ಇಲ್ಲಂತ," ಅಂದಳು. "ಅಣ್ಣಗ ನೀನ ಫೋನ್ ಹಚ್ಚು. ನಂಗ ಮಾತಾಡಾಕ ಆಗಂಗಿಲ್ಲ."

ಹಚ್ಚಿದೆ. "ಅಣ್ಣಾ, ಆಕಿದು ನೋಡಿಸಿದ್ವಿ. ಏನೂ ಇಲ್ಲಂತ."

ಯಾವ ಡಾಕ್ಟರು, ಹೇಗೆ ನೋಡಿದರು, ಒಂದನ್ನೂ ಅಣ್ಣ ಕೇಳಲಿಲ್ಲ.

"ಉಪಾಸ ಇದ್ದಿರಬೇಕು," ಅಂದ. "ಮೊದಲ ಆಕಿಗೆ ಏನರ ಉಣಸು."